ಹೊರಗಿನ ಕಂಪನಿ, ಒಳಗಿನ ದಲ್ಲಾಳಿ

ಕ್ಯಾಲಿಫೋರ್ನಿಯಾದಲ್ಲಿ ಕೆಲವು ಮನೆಗಳ ವಿಮೆಯ ಜೊತೆ ಒಂದು ಹಾಳೆ ಬರುತ್ತದೆ. ಡಿ-1 ಅಂತ ಅದರ ಹೆಸರು. ಯಾವ ವ್ಯಾಪಾರಿಯೂ ತನ್ನ ಸರಕಿನ ಬಗ್ಗೆ ತಾನಾಗಿ ಹೇಳಿಕೊಳ್ಳದ ಮಾತುಗಳು ಅದರಲ್ಲಿ ದಪ್ಪ ಅಕ್ಷರದಲ್ಲಿರುತ್ತವೆ. ನೀವು ಕೊಳ್ಳುತ್ತಿರುವ ಪಾಲಿಸಿಯ ಕಂಪನಿಗೆ ಈ ರಾಜ್ಯದ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇರುವ ಕಂಪನಿಗಳ ಹಣಕಾಸಿನ ಮೇಲೆ ಸರ್ಕಾರ ಇಡುವ ಕಣ್ಣು ಇದರ ಮೇಲಿಲ್ಲ. ನಾಳೆ ಇದು ಮುಳುಗಿದರೆ ನಿಮ್ಮ ಕ್ಲೇಮ್ ತೀರಿಸಲು ರಾಜ್ಯದ ಖಾತರಿ ನಿಧಿ ಬರುವುದಿಲ್ಲ. ಇಷ್ಟನ್ನೂ ಓದಿ ಕೆಳಗೆ ಸಹಿ ಹಾಕಬೇಕು. ಸಾಲ ಕೊಟ್ಟ ಬ್ಯಾಂಕಿಗೆ ವಿಮೆಯ ಕಾಗದ ನಾಳೆಯೊಳಗೆ ತಲುಪಬೇಕಾಗಿರುತ್ತದೆ. ಹೀಗಾಗಿ ಬಹುಪಾಲು ಜನ ಓದುವ ಶಾಸ್ತ್ರ ಮುಗಿಸಿ ಸಹಿ ಹಾಕುತ್ತಾರೆ.

ಒಂದು ಕಾಲದಲ್ಲಿ ಈ ಹಾಳೆ ಸಿನಿಮಾ ಸ್ಟುಡಿಯೊಗಳಿಗೆ, ಪಟಾಕಿ ಗೋದಾಮಿನವರಿಗೆ, ಹಳೆಯ ಹಡಗುಕಟ್ಟೆಯ ಮಾಲೀಕರಿಗೆ ಮಾತ್ರ ಪರಿಚಿತವಾಗಿತ್ತು. ಈಗ ಅದು ಬೆಟ್ಟದ ಮಗ್ಗುಲಲ್ಲಿ ಮನೆ ಮಾಡಿಕೊಂಡ ಸಾಫ್ಟ್‌ವೇರ್ ಎಂಜಿನಿಯರುಗಳ ಊಟದ ಮೇಜಿಗೂ ಬಂದಿದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಕಣಿವೆಗಳಲ್ಲಿ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಗೃಹಪ್ರವೇಶಕ್ಕೆ ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಹಿತ್ತಲಿನ ಓಕ್ ಮರಗಳು, ಒಣಹುಲ್ಲಿನ ಹೊಂಬಣ್ಣದ ಇಳಿಜಾರು ಚೆಂದ ಕಾಣುತ್ತವೆ. ವಿಮಾ ಕಂಪನಿಯ ಕಂಪ್ಯೂಟರಿಗೆ ಅದೇ ಇಳಿಜಾರು ಸೌದೆಯ ರಾಶಿಯಾಗಿ ಕಾಣುತ್ತದೆ. ಅಲ್ಲಿನ ದೊಡ್ಡ ವಿಮೆದಾರರಲ್ಲಿ ಒಂದಾದ ಆಲ್‌ಸ್ಟೇಟ್ 2022ರಲ್ಲಿ ಆ ರಾಜ್ಯದಲ್ಲಿ ಹೊಸ ಮನೆ ವಿಮೆ ಕೊಡುವುದನ್ನು ನಿಲ್ಲಿಸಿತು. 2023ರ ಮೇ ತಿಂಗಳಲ್ಲಿ ಸ್ಟೇಟ್ ಫಾರ್ಮ್ ಕೂಡ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚುಗಳು ಬೀದಿಬೀದಿಗಳನ್ನೇ ಬೂದಿ ಮಾಡಿದ ಮೇಲೆ ಉಳಿದ ಕಂಪನಿಗಳ ಕೈಯೂ ಬಿಗಿಯಾಯಿತು.

ಹೀಗೆ ಒಳಗಿನ ಕಂಪನಿಗಳು ಬೇಡವೆಂದು ಬಿಟ್ಟದ್ದನ್ನು ಹೊರಗಿನ ಕಂಪನಿಗಳಿಗೆ ದಾಟಿಸುವ ವ್ಯವಹಾರಕ್ಕೆ ಅಮೆರಿಕದಲ್ಲಿ ಸರ್‌ಪ್ಲಸ್ ಲೈನ್ಸ್ ಎನ್ನುತ್ತಾರೆ. ಒಂದು ಅಪಾಯದಲ್ಲಿ ವಿಮೆದಾರ ತಾನು ಹೊರುವೆನೆಂದು ಒಪ್ಪಿಕೊಳ್ಳುವ ಪಾಲಿಗೆ ವಿಮೆ ಕಸುಬಿನಲ್ಲಿ ‘ಲೈನ್’ ಅಂತ ಹೆಸರು. ಊರಿನ ಕಂಪನಿಗಳೆಲ್ಲ ತಮ್ಮ ತಮ್ಮ ಲೈನ್ ಬರೆದುಕೊಂಡ ಮೇಲೂ ಮಿಕ್ಕದ್ದು ಸರ್‌ಪ್ಲಸ್. ನ್ಯೂಯಾರ್ಕಿನವರು ಮಾತ್ರ ಇಂದಿಗೂ ‘ಎಕ್ಸೆಸ್ ಲೈನ್’ ಎಂದೇ ಹೇಳುತ್ತಾರೆ. ಇದಕ್ಕೆ ಮೊದಲ ಕಾನೂನು ಮಾಡಿದ್ದೂ ಅದೇ ರಾಜ್ಯ, 1890ರಲ್ಲಿ. ಗೋದಾಮು, ಕಾರ್ಖಾನೆಗಳು ಬೆಳೆದ ವೇಗಕ್ಕೆ ಅವುಗಳ ಬೆಂಕಿ ವಿಮೆಯನ್ನು ಪೂರ್ತಿ ಹೊರುವಷ್ಟು ಬಂಡವಾಳ ಸ್ಥಳೀಯ ಕಂಪನಿಗಳಲ್ಲಿ ಇರಲಿಲ್ಲ. ಮಿಕ್ಕದ್ದನ್ನು ಹೊರಗೆ ಕಳಿಸಲು ಒಂದು ಕಿಂಡಿ ಬೇಕಿತ್ತು.

ಹೊರಗೆ ಎಂದರೆ ಯಾವುದರ ಹೊರಗೆ? ಅಮೆರಿಕದಲ್ಲಿ ವಿಮೆ ದೆಹಲಿಯಂಥ ಒಂದು ರಾಜಧಾನಿಯಿಂದ ಆಳಿಸಿಕೊಳ್ಳುವ ದಂಧೆಯಲ್ಲ. ವಿಮೆ ಅಂತರರಾಜ್ಯ ವ್ಯಾಪಾರವೇ ಅಲ್ಲ ಎಂದು 1869ರಲ್ಲಿ ಪಾಲ್ ವಿರುದ್ಧ ವರ್ಜೀನಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1944ರಲ್ಲಿ ಅದೇ ಕೋರ್ಟ್ ಆ ಮಾತನ್ನು ತಿರುಗಿಸಿತು. ರಾಜ್ಯಗಳು ಗಾಬರಿಯಾದವು. ಮರುವರ್ಷವೇ ಸಂಸತ್ತು ಮೆಕ್‌ಕ್ಯಾರನ್-ಫರ್ಗುಸನ್ ಕಾಯ್ದೆ ತಂದು ವಿಮೆಯನ್ನು ಮತ್ತೆ ರಾಜ್ಯಗಳ ಉಡಿಗೇ ಹಾಕಿತು. ಹೀಗಾಗಿ ಟೆಕ್ಸಾಸಿನಲ್ಲಿ ಲೈಸೆನ್ಸ್ ಪಡೆದ ಕಂಪನಿ ಪಕ್ಕದ ರಾಜ್ಯಕ್ಕೆ ಕಾಲಿಟ್ಟರೆ ಅಪರಿಚಿತ. ರಾಜ್ಯದ ಲೈಸೆನ್ಸ್ ಪಡೆದದ್ದು ಅಡ್ಮಿಟೆಡ್, ಪಡೆಯದ್ದು ನಾನ್‌ಅಡ್ಮಿಟೆಡ್. ಲಂಡನ್ನಿನ ವಿಮಾ ಪೇಟೆಯಾದ ಲಾಯ್ಡ್ಸ್ ಇಲಿನಾಯ್ ಮತ್ತು ಕೆಂಟಕಿಯಲ್ಲಿ ಲೈಸೆನ್ಸ್ ಇರುವ ಮನೆಯವನು, ಉಳಿದೆಲ್ಲ ರಾಜ್ಯಗಳಲ್ಲಿ ಜಗಲಿಯ ಮೇಲೆ ಕೂರುವ ಅತಿಥಿ.

ಒಳಗಿನವನಾಗುವುದಕ್ಕೆ ಬೆಲೆ ಇದೆ. ಕ್ಯಾಲಿಫೋರ್ನಿಯಾದಲ್ಲಿ 1988ರ ಪ್ರೊಪೊಸಿಷನ್ 103 ಎಂಬ ಜನಮತದ ಕಾನೂನಿನಂತೆ ಪ್ರೀಮಿಯಂ ದರ ಬದಲಿಸಲು ಮೊದಲೇ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡುವ ವಿಮಾ ಕಮಿಷನರ್ ಅಲ್ಲಿ ಚುನಾವಣೆಯಲ್ಲಿ ಗೆದ್ದು ಬರುವವನು. ಮತ ಕೇಳಲು ಹೋಗುವವನು ದರ ಏರಿಸಲು ಎಷ್ಟು ಉತ್ಸಾಹ ತೋರಿಸಿಯಾನು ಎಂಬುದನ್ನು ನಮ್ಮ ವಿದ್ಯುತ್ ದರದ ರಾಜಕೀಯ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಕಂಪನಿಗೆ ಈ ಯಾವ ಕಟ್ಟೂ ಇಲ್ಲ. ದರವೂ ಅದರದೇ, ಪಾಲಿಸಿಯ ಒಕ್ಕಣೆಯೂ ಅದರದೇ. ಕಾಳ್ಗಿಚ್ಚಿಗೆ ಬೇರೆಯೇ ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಗಿರಾಕಿಯೇ ಹೊರಬೇಕಾದ ಮೊದಲ ಪಾಲು, ಹಾಕಬಹುದು, ಇಂಥದ್ದಕ್ಕೆ ಕೊಡುವುದಿಲ್ಲ ಎಂದು ಮೊದಲೇ ಬರೆದಿಡಬಹುದು.

ಹಾಗಾದರೆ ಇದು ಗೂಳಿ ನುಗ್ಗಿದ ಹೊಲವೇ? ಅಲ್ಲ. ಸರ್‌ಪ್ಲಸ್ ಲೈನ್ಸ್ ಕಾನೂನುಗಳನ್ನು ಓದುತ್ತ ಹೋದಂತೆ ನನಗೆ ಸ್ವಾರಸ್ಯವೆನಿಸಿದ್ದು ಅಲ್ಲೇ. ಕಂಪನಿ ಲಂಡನ್ನಿನಲ್ಲೋ ಬರ್ಮುಡಾದಲ್ಲೋ ಇದೆ, ರಾಜ್ಯದ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. ಆದರೆ ಆ ಕಂಪನಿಗೂ ಗಿರಾಕಿಗೂ ನಡುವೆ ಒಬ್ಬ ಮನುಷ್ಯನಿದ್ದಾನೆ. ಅವನ ಆಫೀಸು ಇದೇ ಊರಲ್ಲಿದೆ, ಲೈಸೆನ್ಸು ಇದೇ ಸರ್ಕಾರದ್ದು, ಬ್ಯಾಂಕ್ ಖಾತೆಯೂ ಇಲ್ಲೇ. ರಾಜ್ಯ ಅವನ ಜುಟ್ಟು ಹಿಡಿಯಿತು. ಕಂಪನಿಯಿಂದ ಮಾಡಿಸಲಾಗದ್ದನ್ನೆಲ್ಲ ಬ್ರೋಕರನಿಂದ ಮಾಡಿಸಿತು.

ಬ್ರೋಕರ್ ಎಂದರೆ ದಲ್ಲಾಳಿ. ನಮ್ಮಲ್ಲಿ ಈ ಶಬ್ದದ ನಸೀಬು ಸರಿಯಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೋ ಹುಬ್ಬಳ್ಳಿಯ ಎಪಿಎಂಸಿಯಲ್ಲೋ ದಲ್ಲಾಳಿ ಅಂಗಡಿ ಇಟ್ಟವರು ಗೌರವದ ಕಸುಬನ್ನೇ ಮಾಡಿಕೊಂಡಿದ್ದರೂ, ಪೇಟೆಯ ಹೊರಗೆ ಆ ಮಾತಿಗೆ ಬೈಗುಳದ ವಾಸನೆ ಅಂಟಿದೆ. ಅಮೆರಿಕದ ವಿಮೆ ಕಾನೂನು ಅವನನ್ನು ಕಾವಲುಗಾರ, ತೆರಿಗೆ ವಸೂಲಿಗಾರ, ಜಾಮೀನುದಾರ ಮೂರೂ ಆಗಿಸಿದೆ.

ಈ ದಂಧೆಯಲ್ಲಿ ಸಾಮಾನ್ಯವಾಗಿ ಇಬ್ಬರು ದಲ್ಲಾಳಿಗಳಿರುತ್ತಾರೆ. ಗಿರಾಕಿಯ ಮುಖ ಬಲ್ಲವನು ರಿಟೇಲ್ ಬ್ರೋಕರ್. ಅವನಿಗೆ ಹೊರಗಿನ ಪೇಟೆಯ ದಾರಿ ಗೊತ್ತಿರುವುದಿಲ್ಲ, ಎಷ್ಟೋ ಸಲ ಅದರ ಲೈಸೆನ್ಸೂ ಇರುವುದಿಲ್ಲ. ಅವನು ಹೋಲ್‌ಸೇಲ್ ಬ್ರೋಕರನ ಬಳಿ ಹೋಗುತ್ತಾನೆ. ಈ ಸಗಟು ದಲ್ಲಾಳಿಗೆ ಮಾಮೂಲಿ ವಿಮೆ ಲೈಸೆನ್ಸಿನ ಮೇಲೆ ಸರ್‌ಪ್ಲಸ್ ಲೈನ್ಸ್‌ನದೇ ಇನ್ನೊಂದು ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದರ ಜೊತೆ 50,000 ಡಾಲರಿನ ಬಾಂಡ್. ಗಿರಾಕಿ ಈ ಎರಡನೆಯವನನ್ನು ಜನ್ಮದಲ್ಲಿ ನೋಡಿರುವುದಿಲ್ಲ. ಆದರೆ ಕಾನೂನಿನ ಭಾರವೆಲ್ಲ ಬೀಳುವುದು ಬಹುಮಟ್ಟಿಗೆ ಅವನ ಹೆಗಲ ಮೇಲೆ.

ಮೊದಲ ಕೆಲಸ, ಒಳಗೆ ಹುಡುಕಿದೆನೆಂದು ತೋರಿಸುವುದು. ‘ಡಿಲಿಜೆಂಟ್ ಸರ್ಚ್’ ಎನ್ನುವ ಈ ನಿಯಮ ಬಹುತೇಕ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬೆಳೆದು ಬಂದಿದೆ. ಸಾಮಾನ್ಯವಾಗಿ ಆ ಬಗೆಯ ವಿಮೆ ಮಾರುವ ಮೂರು ಅಡ್ಮಿಟೆಡ್ ಕಂಪನಿಗಳು ಬೇಡ ಅಂದಿರಬೇಕು. ಮೋಟಾರ್ ವಿಮೆ ಮಾತ್ರ ಮಾರುವ ಕಂಪನಿಯನ್ನು ಪಟಾಕಿ ಗೋದಾಮಿನ ವಿಮೆ ಕೇಳಿ ‘ಇಲ್ಲ’ ಅನ್ನಿಸಿಕೊಂಡರೆ ಲೆಕ್ಕಕ್ಕಿಲ್ಲ. ನ್ಯೂಯಾರ್ಕಿನಲ್ಲಿ ಬ್ರೋಕರ್ ಇದನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಯಾರನ್ನು ಕೇಳಿದೆ, ಅವರು ಏಕೆ ಒಲ್ಲೆ ಅಂದರು, ಎಲ್ಲವನ್ನೂ. ಒಳಗೆ ಸಿಗುವುದಕ್ಕಿಂತ ಹೊರಗೆ ಅಗ್ಗ ಎಂಬ ಒಂದೇ ಕಾರಣಕ್ಕೆ ಹೊರಗೆ ಹೋಗುವಂತಿಲ್ಲ ಎಂಬ ನಿಯಮವೂ ಹಲವೆಡೆ ಇದೆ. ಒಳಗೆ ಯಾರೂ ಮುಟ್ಟುವುದೇ ಇಲ್ಲ ಎಂದು ಗೊತ್ತಿರುವ ಬಗೆಗಳಿಗೆ ಕೆಲವು ರಾಜ್ಯಗಳು ‘ಎಕ್ಸ್‌ಪೋರ್ಟ್ ಲಿಸ್ಟ್’ ಇಟ್ಟಿವೆ. ಆ ಪಟ್ಟಿಯಲ್ಲಿದ್ದರೆ ಮೂರು ಮನೆ ಸುತ್ತುವ ಕಷ್ಟವಿಲ್ಲ.

ಎರಡನೆಯದು ಇದಕ್ಕಿಂತ ಘನವಾದದ್ದು. ಹೊರಗೆ ಹೋಗಬಹುದು, ಆದರೆ ಕಂಡವರ ಬಳಿಗಲ್ಲ. ಆ ಕಂಪನಿಗೆ ಲೈಸೆನ್ಸ್ ಇಲ್ಲದಿದ್ದರೂ ‘ಎಲಿಜಿಬಲ್’, ಅಂದರೆ ಅರ್ಹ ಎನ್ನುವ ಪಟ್ಟ ಇರಬೇಕು. ಅಮೆರಿಕದ ಬೇರೊಂದು ರಾಜ್ಯದ ಕಂಪನಿಯಾದರೆ ತನ್ನ ತವರಿನಲ್ಲಿ ಅದೇ ಬಗೆಯ ವಿಮೆಗೆ ಲೈಸೆನ್ಸ್ ಇದ್ದು, ಬಂಡವಾಳ ಮತ್ತು ಹೆಚ್ಚುವರಿ ನಿಧಿ ಸೇರಿ ಕನಿಷ್ಠ 1.5 ಕೋಟಿ ಡಾಲರ್ ಇರಬೇಕು. ರಾಜ್ಯದ್ದೇ ಮಿತಿ ಅದಕ್ಕಿಂತ ಹೆಚ್ಚಿದ್ದರೆ ಅದು ಅನ್ವಯ. ಕ್ಯಾಲಿಫೋರ್ನಿಯಾ 4.5 ಕೋಟಿ ಡಾಲರ್ ಕೇಳುತ್ತದೆ. ಪರದೇಶದ ಕಂಪನಿಯಾದರೆ ಎಲ್ಲ ರಾಜ್ಯಗಳ ವಿಮಾ ಕಮಿಷನರುಗಳು ಸೇರಿ ಕಟ್ಟಿಕೊಂಡ ಎನ್‌ಎಐಸಿ ಎಂಬ ಸಂಸ್ಥೆ ಮೂರು ತಿಂಗಳಿಗೊಮ್ಮೆ ಹೊರಡಿಸುವ ಪಟ್ಟಿಯಲ್ಲಿ ಹೆಸರಿರಬೇಕು. ಆ ಪಟ್ಟಿ ಸೇರಲು ಅಮೆರಿಕದ ನೆಲದಲ್ಲೇ ಒಂದು ಟ್ರಸ್ಟ್ ನಿಧಿ ಇಡಬೇಕು. ಸಮುದ್ರದಾಚೆ ಏನೇ ಆದರೂ ಇಲ್ಲಿನ ಪಾಲಿಸಿದಾರರಿಗೆ ಆ ಗಂಟು ಇಲ್ಲೇ ಇರಲಿ ಅಂತ.

ಅರ್ಹತೆ ಇಲ್ಲದ ಕಂಪನಿಗೆ ದಾಟಿಸಿ, ಆ ಕಂಪನಿ ಕ್ಲೇಮ್ ಕೊಡದೆ ಕೈಯೆತ್ತಿದರೆ? ಎನ್‌ಎಐಸಿ ರಾಜ್ಯಗಳಿಗೆ ಮಾದರಿಯಾಗಿ ಬರೆದುಕೊಟ್ಟ ಕಾನೂನಿನ ಪ್ರಕಾರ, ಆ ವಹಿವಾಟಿಗೆ ನೆರವಾದವನೇ ಪಾಲಿಸಿದಾರನಿಗೆ ತೆರಬೇಕು. ಐದು ಲಕ್ಷ ಡಾಲರಿನ ಮನೆ ಸುಟ್ಟರೆ ದಲ್ಲಾಳಿಯ ಮನೆ ಹರಾಜಿಗೆ ಬಂತು ಅಂತಲೇ ಲೆಕ್ಕ. ಹೀಗಾಗಿ ಒಳ್ಳೆಯ ಸಗಟು ಬ್ರೋಕರನ ಆಫೀಸಿನಲ್ಲಿ ಪಾಲಿಸಿ ಕಟ್ಟುವ ದಿನ ಪಟ್ಟಿಯನ್ನು ಹೊಸದಾಗಿ ತೆಗೆದು ನೋಡುವ ರೂಢಿ ಇರುತ್ತದೆ. ಕಳೆದ ವರ್ಷ ಇದ್ದ ಹೆಸರು ಈ ವರ್ಷ ಇರಬೇಕೆಂದಿಲ್ಲ.

ಹೊರಗಿನವರು ಎಂದ ಮಾತ್ರಕ್ಕೆ ಕೊಡುಗೈ ಇಲ್ಲದವರೆಂದಲ್ಲ. 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಿಂದ ಕುಸಿದು, ಆ ಮೇಲೆ ಬೆಂಕಿಯಲ್ಲಿ ಬೆಂದುಹೋದಾಗ, ಕಟ್ಟಡ ಬಿದ್ದದ್ದು ಕಂಪಕ್ಕೋ ಸುಟ್ಟದ್ದು ಬೆಂಕಿಗೋ ಎಂದು ಕೂದಲು ಸೀಳಿದ ಕಂಪನಿಗಳಿದ್ದವು. ಲಾಯ್ಡ್ಸ್‌ನ ಕತ್ಬರ್ಟ್ ಹೀತ್ ತನ್ನ ಪ್ರತಿನಿಧಿಗೆ ತಂತಿ ಕಳಿಸಿ, ಪಾಲಿಸಿಯಲ್ಲಿ ಏನೇ ಬರೆದಿರಲಿ, ನಮ್ಮ ಗಿರಾಕಿಗಳಿಗೆಲ್ಲ ಪೂರ್ತಿ ಕೊಟ್ಟುಬಿಡು ಅಂದ. ಅಮೆರಿಕದಲ್ಲಿ ಲಾಯ್ಡ್ಸ್‌ಗೆ ಇರುವ ಹೆಸರಿನಲ್ಲಿ ಆ ತಂತಿಯ ಪಾಲು ದೊಡ್ಡದು. ಇಂದಿಗೂ ಸರ್‌ಪ್ಲಸ್ ಲೈನ್ಸ್ ಪೇಟೆಯ ಅತಿ ದೊಡ್ಡ ವರ್ತಕರಲ್ಲಿ ಅದು ಒಂದು.

ಇನ್ನು ತೆರಿಗೆ. ಒಳಗಿನ ಕಂಪನಿ ಪ್ರೀಮಿಯಂ ತೆರಿಗೆಯನ್ನು ತಾನೇ ಕಟ್ಟುತ್ತದೆ. ಹೊರಗಿನ ಕಂಪನಿಯಿಂದ ವಸೂಲಿ ಮಾಡುವುದು ಹೇಗೆ? ಮತ್ತೆ ದಲ್ಲಾಳಿಯೇ ಗತಿ. ಗಿರಾಕಿಯಿಂದ ಪ್ರೀಮಿಯಂ ಜೊತೆಗೇ ತೆರಿಗೆ ಎತ್ತಿ ಖಜಾನೆಗೆ ಕಟ್ಟುವುದು ಅವನ ಹೊಣೆ. ನ್ಯೂಯಾರ್ಕಿನಲ್ಲಿ ಶೇ 3.6, ಟೆಕ್ಸಾಸಿನಲ್ಲಿ ಶೇ 4.85, ಫ್ಲಾರಿಡಾದಲ್ಲಿ ಶೇ 4.94. ಕ್ಯಾಲಿಫೋರ್ನಿಯಾದಲ್ಲಿ ಶೇ 3, ಅದರ ಮೇಲೆ ಶೇ 0.18 ಸ್ಟಾಂಪಿಂಗ್ ಫೀ. ಬೆಟ್ಟದ ಮನೆಗೆ ವರ್ಷಕ್ಕೆ 6,000 ಡಾಲರ್ ಪ್ರೀಮಿಯಂ ಅಂದುಕೊಳ್ಳಿ. 180 ಡಾಲರ್ ತೆರಿಗೆ, 10 ಡಾಲರ್ 80 ಸೆಂಟ್ಸ್ ಸ್ಟಾಂಪಿಂಗ್ ಫೀ ಬಿಲ್ಲಿನ ಅಡಿಯಲ್ಲಿ ಬೇರೆ ಸಾಲುಗಳಾಗಿ ಬರುತ್ತವೆ. ಅದರ ಕೆಳಗೆ ಬ್ರೋಕರ್ ಫೀ ಎಂಬ ಇನ್ನೊಂದು ಸಾಲೂ ಇರಬಹುದು.

ಸ್ಟಾಂಪಿಂಗ್ ಎಂಬ ಹೆಸರು ನಿಜವಾದ ಮುದ್ರೆಯಿಂದಲೇ ಬಂದದ್ದು. ಬ್ರೋಕರ್ ಒಯ್ದುಕೊಟ್ಟ ಪಾಲಿಸಿ ಕಾಗದಗಳನ್ನು ಪರಿಶೀಲಿಸಿ ಠಸ್ಸೆ ಒತ್ತುವ ಕಚೇರಿಗಳಿದ್ದವು. ಈಗ ಎಲ್ಲವೂ ಆನ್‌ಲೈನ್, ಹೆಸರು ಮಾತ್ರ ಉಳಿದಿದೆ. ಇಂಥ ಕಚೇರಿಗಳು ಹದಿನೈದರಷ್ಟು ರಾಜ್ಯಗಳಲ್ಲಿವೆ. ಕ್ಯಾಲಿಫೋರ್ನಿಯಾದಲ್ಲಿ ಪಾಲಿಸಿ ಕಟ್ಟಿಸಿದ 60 ದಿನದೊಳಗೆ ಬ್ರೋಕರ್ ತನ್ನ ಕಾಗದಪತ್ರಗಳನ್ನು ಅಲ್ಲಿಗೆ ಸಲ್ಲಿಸಬೇಕು. ಮೂರು ನಿರಾಕರಣೆಗಳ ವಿವರಕ್ಕೆ ಎಸ್‌ಎಲ್-2 ಎಂಬ ಬೇರೆಯೇ ಫಾರಂ ಇದೆ. ಕಾಗದದಲ್ಲಿ ತಪ್ಪಿದ್ದರೆ ಅದು ಮರಳಿ ಬರುತ್ತದೆ. ನಮ್ಮ ಸಬ್‌ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕಾದವರಿಗೆ ಈ ‘ಮರಳಿ ಬರುವುದರ’ ಸುಖ ಚೆನ್ನಾಗಿಯೇ ಗೊತ್ತು.

ಒಂದೇ ರಾಜ್ಯದ ಮನೆಯಾದರೆ ಈ ಲೆಕ್ಕ ಸುಲಭ. ಮೂವತ್ತು ರಾಜ್ಯಗಳಲ್ಲಿ ಹೋಟೆಲುಗಳಿರುವ ಕಂಪನಿ ಎಲ್ಲಕ್ಕೂ ಸೇರಿಸಿ ಒಂದೇ ಪಾಲಿಸಿ ಕೊಂಡರೆ? ಹಿಂದೆ ಬ್ರೋಕರನಿಗೆ ಹಲವು ರಾಜ್ಯಗಳ ಲೈಸೆನ್ಸ್ ಬೇಕಾಗುತ್ತಿತ್ತು. ಪ್ರೀಮಿಯಮ್ಮನ್ನು ತುಂಡು ತುಂಡು ಮಾಡಿ ಬೇರೆ ಬೇರೆ ದರದಲ್ಲಿ, ಬೇರೆ ಬೇರೆ ಗಡುವಿಗೆ, ಬೇರೆ ಬೇರೆ ಫಾರಮ್ಮಿನಲ್ಲಿ ತೆರಿಗೆ ಕಟ್ಟಬೇಕಿತ್ತು. ತುಂಡು ಮಾಡುವ ಸೂತ್ರವೇ ಒಂದು ರಾಜ್ಯದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಎಲ್ಲವನ್ನೂ ಅಕ್ಷರಶಃ ಪಾಲಿಸುವುದು ಅಸಾಧ್ಯ ಎಂಬುದು ದಂಧೆಯವರಿಗೆಲ್ಲ ಗೊತ್ತಿದ್ದ ಗುಟ್ಟು.

ಈ ಗೋಜಲಿಗೆ ಕತ್ತರಿ ಹಾಕಿದ್ದು 2008ರ ಆರ್ಥಿಕ ಕುಸಿತದ ನಂತರ ಬಂದ ಡಾಡ್-ಫ್ರ್ಯಾಂಕ್ ಕಾಯ್ದೆ. ಬ್ಯಾಂಕುಗಳ ಮೂಗುದಾರ ಬಿಗಿಯಲು ಬರೆದ ಆ ಬೃಹತ್ ಕಾಯ್ದೆಯ ಒಂದು ಮೂಲೆಯಲ್ಲಿ ಎನ್‌ಆರ್‌ಆರ್‌ಎ ಎಂಬ ಸಣ್ಣ ಭಾಗ ಸೇರಿಕೊಂಡಿತ್ತು. 2010ರ ಜುಲೈ 21ರಂದು ಸಹಿಯಾಗಿ, ಸರಿಯಾಗಿ ಒಂದು ವರ್ಷಕ್ಕೆ ಜಾರಿಗೆ ಬಂತು. ಅದರ ತಿರುಳು ಇಷ್ಟು: ಪಾಲಿಸಿದಾರನಿಗೆ ಒಂದೇ ‘ಹೋಂ ಸ್ಟೇಟ್’. ವ್ಯಾಪಾರಿಯಾದರೆ ಅವನ ಮುಖ್ಯ ಕಚೇರಿ ಇರುವ ರಾಜ್ಯ, ಮನೆಯವನಾದರೆ ಅವನ ಮುಖ್ಯ ವಾಸದ ರಾಜ್ಯ. ತೆರಿಗೆ ಎತ್ತುವುದೂ, ಬ್ರೋಕರನಿಂದ ಲೈಸೆನ್ಸ್ ಕೇಳುವುದೂ, ಹುಡುಕಾಟದ ನಿಯಮ ಹೇರುವುದೂ ಆ ಒಂದು ರಾಜ್ಯ ಮಾತ್ರ. ಅರ್ಹತೆಯ ಬಗ್ಗೆ ನಾನು ಮೇಲೆ ಹೇಳಿದ ಏಕರೂಪದ ಅಳತೆಗಳು ಬಂದದ್ದೂ ಇದರಿಂದಲೇ. ಎನ್‌ಎಐಸಿ ಪಟ್ಟಿಯಲ್ಲಿರುವ ಪರದೇಶಿ ಕಂಪನಿಯನ್ನು ಯಾವ ರಾಜ್ಯವೂ ಬೇಡ ಅನ್ನುವಂತಿಲ್ಲ.

ಎತ್ತಿದ ತೆರಿಗೆಯನ್ನು ಬೇಕಾದರೆ ನಿಮ್ಮನಿಮ್ಮಲ್ಲಿ ಹಂಚಿಕೊಳ್ಳಿ ಎಂದು ಸಂಸತ್ತು ರಾಜ್ಯಗಳಿಗೆ ಹೇಳಿತ್ತು. ಮುಂದೆ ನಡೆದದ್ದು ನಮ್ಮ ನದಿ ನೀರಿನ ಮಾತುಕತೆಗಳನ್ನು ನೆನಪಿಸುವಂತಿದೆ. ನಿಮಾ ಅಂತ ಒಂದು ಗುಂಪು, ಸ್ಲಿಂಪ್ಯಾಕ್ಟ್ ಅಂತ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸೂತ್ರ. ದೊಡ್ಡ ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳಿದ್ದ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಿಗೆ ಹಂಚುವ ಹಸಿವೇ ಇರಲಿಲ್ಲ. ಒಂದು ಗುಂಪು ಕೆಲಸ ಶುರು ಮಾಡುವ ಮುನ್ನವೇ ಸೊರಗಿತು, ಇನ್ನೊಂದು ಕೆಲ ವರ್ಷ ನಡೆದು ಮುಚ್ಚಿತು. ಕೊನೆಗೆ ಹೋಂ ಸ್ಟೇಟ್ ಎತ್ತಿದ್ದು ಹೋಂ ಸ್ಟೇಟಿಗೇ ಉಳಿಯಿತು.

ದೊಡ್ಡ ಗಿರಾಕಿಗಳಿಗೆ ಅದೇ ಕಾಯ್ದೆ ಇನ್ನೊಂದು ಸಲಿಗೆ ಕೊಟ್ಟಿತು. ವರ್ಷಕ್ಕೆ ಲಕ್ಷ ಡಾಲರಿಗಿಂತ ಹೆಚ್ಚು ವಾಣಿಜ್ಯ ಪ್ರೀಮಿಯಂ ಕಟ್ಟುವ, ವಿಮೆಯ ಒಳಹೊರಗು ಬಲ್ಲ ರಿಸ್ಕ್ ಮ್ಯಾನೇಜರ್ ಇಟ್ಟುಕೊಂಡಿರುವ, ಐನೂರಕ್ಕಿಂತ ಹೆಚ್ಚು ನೌಕರರನ್ನೋ ಸಾಕಷ್ಟು ಆಸ್ತಿಯನ್ನೋ ತೋರಿಸಬಲ್ಲ ಸಂಸ್ಥೆಗಳಿಗಾಗಿ ಬ್ರೋಕರ್ ಮೂರು ಬಾಗಿಲು ತಟ್ಟಬೇಕಿಲ್ಲ. ಒಳಗೂ ಸಿಗಬಹುದು ಎಂದು ಹೇಳಿ, ಆದರೂ ಹೊರಗಿನದೇ ಬೇಕೆಂದು ಬರಹದಲ್ಲಿ ಕೋರಿಕೆ ಪಡೆದರೆ ಸಾಕು. ದೊಡ್ಡವರಿಗೆ ತಮ್ಮ ಹಿತ ತಮಗೇ ಗೊತ್ತು ಎಂಬ ಲೆಕ್ಕ.

ಸಣ್ಣವರ ವಿಷಯದಲ್ಲಿ ಅಷ್ಟು ನಿಶ್ಚಿಂತೆಯಿಂದ ಇರಲಾಗದು ಎಂಬುದಕ್ಕೆ ಹಳೆಯ ಗಾಯಗಳಿವೆ. 1985ರಲ್ಲಿ ಟ್ರಾನ್ಸಿಟ್ ಕ್ಯಾಶುವಲ್ಟಿ ಎಂಬ ಕಂಪನಿ ದಿವಾಳಿಯಾಯಿತು. ಪಾಲಿಸಿ ಬರೆಯುವ ಪೆನ್ನನ್ನೇ ಅದು ಮಧ್ಯವರ್ತಿ ಏಜೆಂಟರ ಕೈಗೆ ಕೊಟ್ಟು ಕೂತಿತ್ತು. ಬರೆದಷ್ಟೂ ಕಮಿಷನ್ ಸಿಗುವಾಗ ಯಾರು ಬರೆಯದೆ ಬಿಟ್ಟಾರು? ಮಿಷನ್ ಇನ್ಶೂರೆನ್ಸ್ ಮುಂತಾದ ಇತರ ಕಂಪನಿಗಳೂ ಅದೇ ದಶಕದಲ್ಲಿ ಉರುಳಿದವು. 1990ರಲ್ಲಿ ಜಾನ್ ಡಿಂಗೆಲ್ ಅಧ್ಯಕ್ಷತೆಯ ಸಂಸದೀಯ ಉಪಸಮಿತಿ ಈ ದಿವಾಳಿಗಳನ್ನು ಕೆದಕಿ ಕಟುವಾದ ವರದಿ ಕೊಟ್ಟಿತು. ಇಂದಿನ ಬಂಡವಾಳದ ಮಿತಿಗಳ, ಟ್ರಸ್ಟ್ ನಿಧಿಗಳ ಹಿಂದೆ ಅಂಥ ಅನುಭವಗಳ ಕಹಿ ಇದೆ.

ಒಳಗಿನ ಕಂಪನಿ ಮುಳುಗಿದರೆ ಕ್ಯಾಲಿಫೋರ್ನಿಯಾದ ಖಾತರಿ ನಿಧಿ ಒಂದು ಕ್ಲೇಮಿಗೆ ಸಾಮಾನ್ಯವಾಗಿ ಐದು ಲಕ್ಷ ಡಾಲರ್‌ವರೆಗೆ ತುಂಬಿಕೊಡುತ್ತದೆ. ಹೊರಗಿನದು ಮುಳುಗಿದರೆ ಏನೂ ಇಲ್ಲ. ಸರ್‌ಪ್ಲಸ್ ಲೈನ್ಸ್ ಪಾಲಿಸಿದಾರರಿಗೂ ಪ್ರತ್ಯೇಕ ಖಾತರಿ ನಿಧಿ ಕಟ್ಟಿಟ್ಟ ರಾಜ್ಯವೆಂದರೆ ನ್ಯೂಜೆರ್ಸಿ. ಮಿಕ್ಕವರಿಗೆ ದಲ್ಲಾಳಿಯ ಎಚ್ಚರವೇ ಖಾತರಿ.

ಈಗ ಆ ಎಚ್ಚರದ ಒಂದು ಭಾಗವನ್ನೇ ಕಳಚಿಹಾಕುವ ಗಾಳಿ ಬೀಸಿದೆ. 2023ರಲ್ಲಿ ದೇಶದ ಸರ್‌ಪ್ಲಸ್ ಲೈನ್ಸ್ ಪ್ರೀಮಿಯಂ 10,000 ಕೋಟಿ ಡಾಲರ್ ದಾಟಿತು. ಮಿಕ್ಕಿದ್ದಕ್ಕೆ ಎಂದು ತೆರೆದ ಕಿಂಡಿ ಹೆಬ್ಬಾಗಿಲಾಗಿದೆ. ಚಂಡಮಾರುತಗಳ ರಾಜ್ಯವಾದ ಫ್ಲಾರಿಡಾ 2025ರ ಜುಲೈ 1ರಿಂದ ಮೂರು ನಿರಾಕರಣೆಗಳ ನಿಯಮವನ್ನು ತೆಗೆದುಹಾಕಿತು. ದಲ್ಲಾಳಿಗಳು ಹೇಳುವ ಕಾರಣ ಸುಳ್ಳಲ್ಲ. ಸಮುದ್ರದಂಡೆಯ ಹಳೇ ಮನೆಯನ್ನು ಯಾವ ಕಂಪನಿ ಮುಟ್ಟುವುದಿಲ್ಲ ಎಂದು ಅವರಿಗೆ ಕಣ್ಣುಮುಚ್ಚಿ ಹೇಳಲು ಬರುತ್ತದೆ. ಗೊತ್ತಿದ್ದ ‘ಇಲ್ಲ’ವನ್ನು ಮೂರು ಸಲ ಕೇಳಿ ಬರೆದುಕೊಳ್ಳುವುದು ಶಾಸ್ತ್ರವಾಗಿಬಿಟ್ಟಿತ್ತು. ಆದರೂ ಶಾಸ್ತ್ರವೆಂದು ಮಾಡುವ ಕೆಲಸದಿಂದಲೂ ಒಮ್ಮೊಮ್ಮೆ ಉಪಯೋಗವಿದೆ. ಮೂರರಲ್ಲಿ ಒಬ್ಬ ಎಂದಾದರೂ ‘ಆಗಲಿ, ಕೊಡೋಣ’ ಅನ್ನಬಹುದು. ಕಮಿಷನ್ ಎಲ್ಲಿ ಹೆಚ್ಚೋ ಅಲ್ಲಿಗೆ ನೇರ ಹೋಗಲು ಅವಕಾಶವಿರುವ ದಲ್ಲಾಳಿ ಆ ಒಬ್ಬನನ್ನು ಕೇಳುವ ತೊಂದರೆ ತೆಗೆದುಕೊಳ್ಳುತ್ತಾನೆಯೇ ಎಂಬುದು ನನ್ನ ಅನುಮಾನ.

ನಮ್ಮ ದೇಶದಲ್ಲಿ ಈ ಕಿಂಡಿಯೇ ಇಲ್ಲ. 1938ರ ವಿಮಾ ಕಾಯ್ದೆಯ 2ಸಿಬಿ ಕಲಮಿನ ಪ್ರಕಾರ ಭಾರತದಲ್ಲಿರುವ ಆಸ್ತಿಗೆ ಹೊರದೇಶದ ವಿಮಾ ಕಂಪನಿಯಿಂದ ಪಾಲಿಸಿ ತೆಗೆದುಕೊಳ್ಳಲು ನಿಯಂತ್ರಣ ಪ್ರಾಧಿಕಾರದ ಮುನ್ನಾನುಮತಿ ಬೇಕು. ದೊಡ್ಡ ಅಪಾಯಗಳ ಭಾರ ಹೊರಗೆ ಹೋಗುವುದಿದ್ದರೂ ಮುಂದೆ ಒಂದು ಭಾರತೀಯ ಕಂಪನಿ ನಿಂತು, ಹಿಂದಿನಿಂದ ಮರುವಿಮೆಯಾಗಿ ಹೋಗುತ್ತದೆ. ಲಾಯ್ಡ್ಸ್ 2017ರಲ್ಲಿ ಮುಂಬೈಯಲ್ಲಿ ಶಾಖೆ ತೆರೆದದ್ದೂ ಮರುವಿಮೆಗೇ. ಹೀಗಾಗಿ ಬೆಂಗಳೂರಿನಲ್ಲಿ ಫ್ಲ್ಯಾಟಿನ ವಿಮೆ ಮಾಡಿಸಿ ಗೊತ್ತಿದ್ದವರಿಗೆ ಕ್ಯಾಲಿಫೋರ್ನಿಯಾದ ಡಿ-1 ಹಾಳೆ ಅರ್ಥವಾಗದೆ ಗಲಿಬಿಲಿ ಹುಟ್ಟಿಸಿದರೆ ಆಶ್ಚರ್ಯವಿಲ್ಲ. ಲೈಸೆನ್ಸ್ ಇಲ್ಲದ ಕಂಪನಿ ಎಂದರೆ ನಮ್ಮ ಕಿವಿಗೆ ಮೋಸದ ಕಂಪನಿ ಎಂದೇ ಕೇಳುತ್ತದೆ.

ಮೋಸವಲ್ಲ. ಆದರೆ ಸಹಿ ಹಾಕುವ ಮುನ್ನ ಕೇಳಲು ಕೆಲವು ಪ್ರಶ್ನೆಗಳಿವೆ, ಅವೆಲ್ಲ ಕಂಪನಿಗಿಂತ ಹೆಚ್ಚಾಗಿ ದಲ್ಲಾಳಿಗೆ. ಯಾವ ಮೂರು ಕಂಪನಿಗಳನ್ನು ಕೇಳಿದಿರಿ? ಈ ಕಂಪನಿಯ ಹೆಸರು ಇಂದಿನ ಪಟ್ಟಿಯಲ್ಲಿದೆಯೇ? ಕಾಳ್ಗಿಚ್ಚಿಗೆ ಡಿಡಕ್ಟಿಬಲ್ ಎಷ್ಟು? 1968ರಿಂದ ಇರುವ ಫೇರ್ ಪ್ಲಾನ್ ಎಂಬ ಕೊನೆಯ ಆಸರೆಯ ವಿಮೆಗೂ ಇದಕ್ಕೂ ಹೋಲಿಸಿ ನೋಡಿದ್ದೀರಾ? ಅದು ಮುಖ್ಯವಾಗಿ ಬೆಂಕಿಯ ವಿಮೆ, ಮಿಕ್ಕದ್ದಕ್ಕೆ ಇನ್ನೊಂದು ಪಾಲಿಸಿ ಬೇಕಾಗುತ್ತದೆ. ಬ್ಯಾಂಕಿನ ಗಡುವಿಗೆ ಹೆದರಿ ತಕ್ಷಣ ವಿಮೆ ಬೇಕೆಂದು ಮೊದಲು ಪಾಲಿಸಿ ಶುರು ಮಾಡಿಸಿ, ಈ ಹಾಳೆ ಆಮೇಲೆ ಕೈಗೆ ಬಂದಿದ್ದರೆ, ಅದು ಬಂದ ಐದು ದಿನದೊಳಗೆ ಪಾಲಿಸಿ ರದ್ದು ಮಾಡುವ ಹಕ್ಕಿದೆ. ಆ ಹಕ್ಕನ್ನೂ ಅದೇ ಹಾಳೆಯಲ್ಲಿ, ಸಹಿ ಹಾಕುವ ಗೆರೆಗಿಂತ ಮೇಲೆ, ಅಚ್ಚು ಮಾಡಿರುತ್ತಾರೆ.